ದೀಪ ಉರಿದರೂ ಇಳಿಯದ ಅಂಜನಪ್ಪ

ಹಗ್ಗಕ್ಕೆ ನಾಲ್ಕು ಸಾವಿರ ಬಿದ್ದಿದೆ. ರಾಟೆ ಹಳೆಯದು, ಬೇರಿಂಗ್ ಮಾತ್ರ ಹೊಸದು, ಅದಕ್ಕೆ ಆರುನೂರು. ಕಂದೀಲಿಗೆ ಇನ್ನೂರೈವತ್ತು, ಅದೂ ಸಾಗರದ ಸಂತೆಯಲ್ಲಿ ಸಾಕಷ್ಟು ಚೌಕಾಸಿ ಮಾಡಿದ ಮೇಲೆ. ಬಿದಿರು ಬುಟ್ಟಿಯೊಳಗಿನ ಕೋಳಿ ಮನೆಯದೇ. ಇವೆಲ್ಲಕ್ಕಿಂತ ದುಬಾರಿಯಾದ ಸಾಮಾನು ಇನ್ನೊಂದಿದೆ, ಅದಕ್ಕೆ ಯಾರೂ ಕಾಸು ಬಿಚ್ಚುವುದಿಲ್ಲ: ಬಾವಿಗೆ ಇಳಿಯುವ ಮುಂಚೆ ಅಂಜನಪ್ಪ ಸುಮ್ಮನೆ ಕೂರುವ ಹೊತ್ತು.

ಹೊಸನಗರ ಸೀಮೆಯ ನಗರ ಎಂಬ ಊರು, ಅಲ್ಲಿನ ಕೋಟೆಯ ಹಿಂದಿನ ಒಂದು ಮನೆಯಂಗಳ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೂಡ್ಸ್ ಆಟೋದಿಂದ ಸಾಮಾನು ಇಳಿಸಿದ ಅಂಜನಪ್ಪ ಮೊದಲು ಕಂದೀಲು ಹಚ್ಚಿ ಬಾವಿಗೆ ಇಳಿಬಿಡುತ್ತಾರೆ. ಅದು ತಳದಲ್ಲೂ ಉರಿಯುತ್ತಿದೆ. ಆಮೇಲೆ ಸೊಪ್ಪಿನ ದೊಡ್ಡ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು, ಮೊಸರು ಕಡೆದಂತೆ ಮೇಲೆ ಕೆಳಗೆ ಆಡಿಸುತ್ತಾರೆ. ಒಳಗೆ ನಿಂತ ಗಾಳಿ ಕಲಕಿ ಮೇಲೆ ಬರಲಿ ಅಂತ. ಕಡೆಗೆ ಕೋಳಿ ಬುಟ್ಟಿಯ ಸರದಿ; ಗಾಳಿ ಕೆಟ್ಟಿದ್ದರೆ ಮನುಷ್ಯನಿಗಿಂತ ಮೊದಲು ಕೋಳಿ ಒರಗುತ್ತದೆ. ಹೆಂಡತಿ ಪುಷ್ಪಮ್ಮ ಹಗ್ಗ ಹಿಡಿದು ಕಟ್ಟೆಗೆ ಒರಗುತ್ತಾರೆ. ಅಂಜನಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೂರುತ್ತಾರೆ.

ಮನೆಯ ಯಜಮಾನರಿಗೆ ತಡೆಯಲಾಗುವುದಿಲ್ಲ. "ಎಂತ ಅಂಜನಪ್ಪ, ಬಾವಿ ನೋಡಿ ಹೆದ್ರಿಕೆ ಆಯ್ತಾ?"

"ಆಯ್ತು ಮಾರಾಯ್ರೆ. ನಿಮಗೆ ಆಗ್ಲಿಲ್ವ? ಹಂಗಾರೆ ನೀವೇ ಇಳೀರಿ, ನಾನು ಹಗ್ಗ ಹಿಡ್ಕತೀನಿ."

ಯಜಮಾನರು ಚಹಾ ತರುವ ನೆವದಲ್ಲಿ ಒಳಗೆ ಹೋಗುತ್ತಾರೆ.

ಐವತ್ತೆಂಟರ ಅಂಜನಪ್ಪ ಶಿವರಾತ್ರಿ ಕಳೆದ ಮೇಲೆ ಮಳೆ ಹಿಡಿಯುವ ತನಕ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಬಾವಿಗಳ ಹೂಳು ತೆಗೆಯುತ್ತಾರೆ. ಉಳಿದ ದಿನ ಬೇಲಿ, ಕಲ್ಲು, ಸಿಕ್ಕಿದ ಕೆಲಸ. ಸೊಂಟ ನೋವು ಖಾಯಂ. ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಕೆಲಸ ಕಲಿಸಿದ್ದು ಸೋದರಮಾವ. ಮಾವ ಹೇಳಿಕೊಟ್ಟ ನೇಮ ಒಂದೇ: ದೀಪ ಉರಿದರೆ ಇಳಿ, ಆರಿದರೆ ಬೇಡ.

ಆ ನೇಮ ಪಾಲಿಸಿಯೇ ಮಾವ ಸತ್ತರು.

ತೀರ್ಥಹಳ್ಳಿ ಕಡೆಯ ಒಂದು ಬಾವಿ. ಆಳ ಜಾಸ್ತಿ, ಮೇಲಿಂದ ನೀರು ಎಳೆಯದು ಅಂತ ಮನೆಯವರು ಪೆಟ್ರೋಲ್ ಎಂಜಿನ್ನಿನ ಪಂಪನ್ನೇ ಬಾವಿಯೊಳಗಿನ ಮೆಟ್ಟಿಲ ಮೇಲೆ ಇಳಿಸಿ ಓಡಿಸಿದ್ದರು. ಪಂಪು ನಿಲ್ಲಿಸಿ ದೀಪ ಬಿಟ್ಟರೆ ಚೆನ್ನಾಗಿಯೇ ಉರಿಯಿತು. ಮಾವ ಇಳಿದರು. ಕೂಗಿದ್ದಕ್ಕೆ ಉತ್ತರ ಬರಲಿಲ್ಲ. ಮೇಲೆತ್ತುವಾಗ ಉಸಿರಿರಲಿಲ್ಲ. ಬಾವಿ ಕಾಯುವ ದೈವ ಚೌಡಿ ಹಿಡಿಯಿತು ಅಂತ ಊರು ಮಾತಾಡಿತು, ಬಾವಿಗೆ ಶಾಂತಿಯೂ ಆಯಿತು.

"ನಂಗೂ ಚೌಡಿ ಅಂದ್ರೆ ಭಕ್ತಿ ಉಂಟು," ಅನ್ನುತ್ತಾರೆ ಅಂಜನಪ್ಪ. "ಆದ್ರೆ ನೋಡಿ, ಇಷ್ಟು ವರ್ಷ ಸುಮ್ನೆ ಇದ್ದ ಚೌಡಿ, ಪಂಪು ಇಳಿಸಿದ ದಿನವೇ ಯಾಕೆ ಹಿಡೀತು? ಇದನ್ನ ಕೇಳಿದ್ದಕ್ಕೆ ನೆಂಟ್ರೆಲ್ಲ ನನ್ನ ಮೇಲೆ ಸಿಟ್ಟಾದ್ರು."

ಸಿಟ್ಟಾದವರನ್ನು ಬಿಟ್ಟು ಬೇರೆಯವರನ್ನು ಕೇಳುತ್ತ ಹೋದರು. ಹೊಸನಗರದ ಗ್ಯಾರೇಜಿನ ಮೆಕ್ಯಾನಿಕ್ ಶಂಭು ಒಂದು ಮಾತು ಹೇಳಿದ: ಶಟರ್ ಎಳೆದುಕೊಂಡು ಒಳಗೆ ಎಂಜಿನ್ ಓಡಿಸಿದರೆ ಮನುಷ್ಯ ನಿದ್ದೆ ಬಂದ ಹಾಗೆ ಹೋಗಿಬಿಡುತ್ತಾನೆ, ಆ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಾಗಾದರೆ ದೀಪ? "ದೀಪಕ್ಕೆ ಅದರ ಗೊಡವೆಯೇ ಇಲ್ಲ," ಅಂದನಂತೆ.

ಅವತ್ತಿನಿಂದ ಮಾವನ ನೇಮವನ್ನು ಅಂಜನಪ್ಪ ಅರ್ಧ ಮಾತ್ರ ಇಟ್ಟುಕೊಂಡಿದ್ದಾರೆ. "ದೀಪ ಆರಿದ್ರೆ ಇಳೀಬೇಡ ಅಂತ ಅರ್ಥ. ಉರಿದ್ರೆ ಇಳಿ ಅಂತ ಅರ್ಥ ಅಲ್ಲ. ಎರಡೂ ಒಂದೇ ಅಂದ್ಕಂಡು ಮಾವ ಹೋದ."

ಈ ಹಟಕ್ಕೆ ದೊಡ್ಡ ಪರೀಕ್ಷೆ ಬಂದದ್ದು ಕಳೆದ ಏಪ್ರಿಲ್‌ನಲ್ಲಿ, ಹೊನ್ನೆಮರಡು ಕಡೆ ಹಿನ್ನೀರಿನ ದಂಡೆಯ ಒಂದು ಹೋಂಸ್ಟೇಯಲ್ಲಿ. ಮಾಲೀಕ ರವಿಶಂಕರ ಭಟ್ಟರು ಒಳ್ಳೆಯ ಮನುಷ್ಯರೇ. ಸಂಜೆಗೆ ಅತಿಥಿಗಳು ಬರುವವರಿದ್ದರು, ರಾತ್ರಿಯಿಂದ ಕರೆಂಟಿರಲಿಲ್ಲ. ಇವರಿಗೆ ಅನುಕೂಲವಾಗಲಿ ಅಂತ ಬೆಳಗಿನ ಜಾವವೇ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ನೀರು ಖಾಲಿ ಮಾಡಿಸಿಟ್ಟಿದ್ದರು.

ಪಂಪು ಕಂಡದ್ದೇ ಅಂಜನಪ್ಪ ಚಪ್ಪಲಿ ಬಿಡಲಿಲ್ಲ. "ಇದರ ಹೊಗೆ ಎಲ್ಲಿಗೆ ಹೋಯ್ತು ಭಟ್ರೆ?"

"ಎಲ್ಲಿಗೆ ಅಂದ್ರೆ? ಮೇಲೆ ಹೋಯ್ತು. ದೀಪ ಬಿಟ್ಟು ನೋಡು."

ದೀಪ ಉರಿಯಿತು. ಅಂಜನಪ್ಪ ಕೋಳಿ ಬುಟ್ಟಿ ತೆಗೆದರು. ರವಿಶಂಕರರಿಗೆ ಸಿಟ್ಟು ಬಂತು. "ಕುಡಿಯೋ ನೀರಿನ ಬಾವಿ ಇದು. ದೇವರ ಪೂಜೆಗೂ ಇದೇ ನೀರು. ಕೋಳಿ ಇಳಿಸಂಗಿಲ್ಲ."

"ಹಂಗಾರೆ ನಾನೂ ಇಳಿಯಂಗಿಲ್ಲ."

"ನೀನಿಲ್ದಿದ್ರೆ ಇನ್ನೊಬ್ಬ," ಅಂದ ರವಿಶಂಕರ ಫೋನ್ ಮಾಡಿದರು. ಸಾಗರದಿಂದ ಪ್ರದೀಪ ಅನ್ನುವ ಗಟ್ಟಿ ಆಳು ಬೈಕಿನಲ್ಲಿ ಬಂದ. ಅವನು ಹಗ್ಗ ಸೊಂಟಕ್ಕೆ ಕಟ್ಟಿಕೊಳ್ಳುವಾಗ ಅಂಜನಪ್ಪ ಎದ್ದು ಹೋಗಿ, ಸರಿಯಾಗಿ ಅವನು ಇಳಿಯಬೇಕಾದ ಕಡೆ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಏಳಿ ಅಣ್ಣ. ಕೆಲಸ ಬಿಟ್ಟುಕೊಟ್ಟವರು ನೀವೇ."

"ಕೆಲಸ ನಿಂಗೇ. ದುಡ್ಡೂ ನಿಂಗೇ. ಒಂದಕ್ಕೆ ಉತ್ತರ ಹೇಳು, ಏಳ್ತೀನಿ. ದೀಪ ಉರೀತು. ಅದು ಯಾವ್ದನ್ನ ತೋರ್ಸತ್ತೆ, ಯಾವ್ದನ್ನ ತೋರ್ಸಲ್ಲ?"

ಪ್ರದೀಪ ನಕ್ಕ. "ಮುದುಕರಿಗೆ ಕೆಲಸ ಹೋಯ್ತು ಅಂತ ಹೊಟ್ಟೆಕಿಚ್ಚು."

ಹಿಂದಿನಿಂದ ಪುಷ್ಪಮ್ಮ ಬಾಯಿ ಹಾಕಿದರು. "ಹೊಟ್ಟೆಕಿಚ್ಚಿದ್ರೆ ಇಳಿಯಕ್ಕೆ ಬಿಡ್ತಿದ್ರು ಕಣೋ ತಮ್ಮಾ."

ಪ್ರದೀಪನ ನಗು ನಿಂತಿತು. ಅಂಜನಪ್ಪ ಮಾವನ ಕತೆ ಹೇಳಿದರು. ಪ್ರದೀಪ ಬಾವಿಯೊಳಗೆ ಒಮ್ಮೆ ಬಗ್ಗಿ ನೋಡಿದ, ಹಗ್ಗ ಬಿಚ್ಚಿದ, ಅವರ ಪಕ್ಕದಲ್ಲೇ ಕುಳಿತ. ಗದ್ದಲ ಕೇಳಿ ಹೊರಬಂದ ರವಿಶಂಕರರ ತಾಯಿ ವಾಗ್ದೇವಿ ಎಲ್ಲ ವಿಚಾರಿಸಿ ಮಗನಿಗೆ ಹೇಳಿದರು: "ಬಾವಿ ತೊಳೆಯಲೇ ಅಲ್ದ ಇವು ಬಂದಿದ್ದು? ಕೋಳಿ ಇಳದ್ರೆ ಎಂತ ಆಗ್ತು? ಅದನ್ನೂ ಸೇರ್ಸಿ ತೊಳೀಲಿ."

ಪಂಪು ಮೇಲೆ ಬಂತು. ಇಬ್ಬರೂ ಸೇರಿ ಮಧ್ಯಾಹ್ನದವರೆಗೆ ಸೊಪ್ಪು ಆಡಿಸಿದರು. ಆಮೇಲೆ ಇಳಿದ ಕೋಳಿ ಬಹಳ ಹೊತ್ತು ಒಳಗಿದ್ದೂ ಬಯ್ಯುತ್ತಲೇ ಮೇಲೆ ಬಂತು. ಅದರ ಹಿಂದೆ ಪ್ರದೀಪ ಇಳಿದ. ಹೂಳು ತೆಗೆಯುವಷ್ಟರಲ್ಲಿ ಕತ್ತಲಾಯಿತು. ಅತಿಥಿಗಳಿಗೆ ಟ್ಯಾಂಕರ್ ನೀರಾಯಿತು.

"ನೋಡ್ದ್ಯಾ, ಏನೂ ಇರ್ಲಿಲ್ಲ," ಅಂದರು ರವಿಶಂಕರ. "ಬೆಳಿಗ್ಗೆಯೇ ಇಳೀಬಹುದಿತ್ತು."

ಬೆಳಿಗ್ಗೆ ಆ ಬಾವಿಯಲ್ಲಿ ಏನಿತ್ತು ಅಂತ ಅಂಜನಪ್ಪನವರಿಗೂ ಗೊತ್ತಿಲ್ಲ. ಅದನ್ನು ಅವರು ಮುಚ್ಚಿಡುವುದೂ ಇಲ್ಲ. "ಗೊತ್ತಿಲ್ಲ ಅಂತಲೇ ಇಳೀಲಿಲ್ಲ. ಗೊತ್ತಿದ್ದಿದ್ರೆ ಕೂರೋದು ಯಾಕೆ ಬೇಕಿತ್ತು? ಮಧ್ಯಾಹ್ನದ ಕೋಳಿ ಬೆಳಿಗ್ಗೆಗೆ ಸಾಕ್ಷಿ ಹೇಳತ್ತಾ? ಏನೂ ಆಗ್ಲಿಲ್ಲ ಅಂತ ನಗಾಡ್ತಾರೆ. ಏನೂ ಆಗ್ದೇ ಇರೋ ಹಾಗೆ ನೋಡ್ಕಳದೇ ನನ್ನ ಕೆಲಸ."

ಪುಕ್ಕಲ ಅನ್ನುವ ಹೆಸರು ಹಿನ್ನೀರಿನ ದಂಡೆಯುದ್ದಕ್ಕೂ ಹಬ್ಬಿದೆ. ಈ ಬೇಸಿಗೆಯಲ್ಲಿ ಆ ಕಡೆಯಿಂದ ಅವರಿಗೆ ಒಂದು ಬಾವಿಯೂ ಬಂದಿಲ್ಲ. ಬೇಸರವಿಲ್ಲವೇ ಅಂದರೆ, "ಬೇಸರ ಉಂಟು. ಹಂಗಂತ ನಾಳೆಯೂ ಕೂರ್ತೀನಿ," ಅನ್ನುತ್ತಾರೆ.

ಹಿನ್ನೀರಿನ ಕಡೆಯ ಕೆಲಸವೆಲ್ಲ ಈಗ ಪ್ರದೀಪನಿಗೆ ಸಿಗುತ್ತಿದೆ. ಅವನು ಬಾವಿಯ ಹತ್ತಿರ ಹೋದವನೇ ಮೊದಲು ಕೇಳುವುದು, ಒಳಗೆ ಪಂಪು ಇಳಿಸಿದ್ದಿರಾ ಅಂತ. ಹೌದು ಅಂದರೆ ಅವತ್ತು ಇಳಿಯುವುದಿಲ್ಲ. ಅಂಜನಪ್ಪ ಕಳೆದುಕೊಂಡದ್ದು ಒಂದು ಸೀಮೆಯ ಬಾವಿಗಳನ್ನು. ಪ್ರದೀಪ ಬದುಕಿದ್ದಾನೆ.