ಮೂರು ಆಫೀಸಿಗೆ ಒಂದೇ ಕ್ಯಾಲೆಂಡರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದುದ್ದದಿಂದ ಮೊದಲ ಬಸ್ಸಿಗೆ ಮಂಡ್ಯಕ್ಕೆ ಬಂದಿಳಿದ ನಾಗಮಣಿ, ಕುರಿ ಸಾಕುವವರ ಸಂಘದ ಬಾಗಿಲು ತೆಗೆದು, ಮೂಲೆಯ ಹಳೇ ಕಂಪ್ಯೂಟರಿನ ಮೇಲೆ ಕೈಯಿಡುತ್ತಾರೆ. ಬೆಚ್ಚಗಿದೆ. ಅಂದರೆ ರಾತ್ರಿಯೆಲ್ಲ ಓಡಿದೆ.

ಗುಜರಿಗೆ ಹೊರಟಿದ್ದ ಪೆಟ್ಟಿಗೆ ಇದು. ಟೈಪಿಂಗ್ ಕೆಲಸಕ್ಕೆ ಸೇರಿದ್ದ ನಾಗಮಣಿ ಅದನ್ನು ತಡೆದು, ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿ, ಕೆಡಿಸುತ್ತಾ ತಿದ್ದುತ್ತಾ ಎರಡು ಬೇಸಿಗೆ ಕಳೆದರು. ಈಗ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಆಫೀಸುಗಳ ಇಮೇಲು, ಕೆಲಸದ ಕ್ಯಾಲೆಂಡರು, ಕುರಿ ಸಾಕುವವರ ಫೋನ್ ನಂಬರು ಎಲ್ಲಕ್ಕೂ ಇದೇ ಮನೆ. ಆದರೂ ಅಧ್ಯಕ್ಷ ಮರಿಸಿದ್ದಯ್ಯನವರಿಗೆ ನಂಬಿಕೆ ಸಾಲದು. "ಇನ್ನೊಂದ್ಸಲ ಎಡವಟ್ಟಾದ್ರೆ ಈ ಡಬ್ಬ ಆಚೆಗೆ ಕಣಮ್ಮ. ಈ ಕೆಲ್ಸಾನ ಕಂಪ್ಯೂಟರ್ ಕಂಪನಿಯವ್ರಿಗೇ ಕೊಟ್ಬುಡಾನ" ಎಂದಿದ್ದಾರೆ.

ನಾಗಮಣಿ ಪರದೆಯಲ್ಲಿ ಕ್ಯಾಲೆಂಡರು ತೆರೆಯುತ್ತಾರೆ. ಇವತ್ತಿನ ದಿನಕ್ಕೆ 'ಬಂಡೂರಿನ ಕುರಿಗಳಿಗೆ ಲಸಿಕೆ' ಎಂದಿದ್ದ ಜಾಗ ಖಾಲಿ. ಆ ಕೆಲಸಕ್ಕೆ ಹೋಗಬೇಕಿದ್ದ ಮಳವಳ್ಳಿ ಆಫೀಸಿನ ಮಹದೇವುಗೆ ಫೋನು ಹೋಗುತ್ತದೆ.

"ನಮ್ಮೂರ ಮಾರಿಹಬ್ಬಕ್ಕೆ ತಮಟೆ ಹೊಡ್ದು ಸಾರು ಹಾಕವ್ರೆ ಕಣಕ್ಕ. ಹಬ್ಬ ಮುಗಿಯಗಂಟ ಊರು ಬುಟ್ಟು ಆಚೆ ಓಗಂಗಿಲ್ಲ. ಅದ್ಕೇ ನನ್ ಮೊಬೈಲಲ್ಲಿ ಅಳಿಸ್ದೆ."

"ಲೇ, ನೀನು ಅಳಿಸಿದ್ರೆ ಎಲ್ಲಾರ್ದೂ ಅಳಿಸೋಯ್ತದೆ ಕಣ್ಲಾ! ನಿಮ್ಮನೆ ಗೋಡೆ ಕ್ಯಾಲೆಂಡ್ರು ಅನ್ಕಂಡಾ?"

ಬೈದು ಕೂರಲು ಹೊತ್ತಿಲ್ಲ. ಹಿಂದಿನ ಸಂಜೆ ತೆಗೆದಿಟ್ಟ ನಕಲಿನಿಂದ ಆ ದಿನದ ಕೆಲಸವನ್ನು ವಾಪಸು ತಂದು, ಮಹದೇವು ಬದಲು ಮದ್ದೂರಿನ ಸಿದ್ದೇಶನ ಹೆಸರು ಹಾಕುತ್ತಾರೆ. ಮಳವಳ್ಳಿಯ ಲಸಿಕೆ ಗಾಡಿಯ ಡ್ರೈವರಿಗೂ ಅದು ಮೊಬೈಲಿನಲ್ಲಿ ಕಾಣುತ್ತದೆ. ಇನ್ನು ಆ ಕುರಿಗಳ ಒಡೆಯ, ಬಂಡೂರಿನ ಪುಟ್ಟಮಾದಯ್ಯನವರಿಗೆ ಫೋನು.

"ಬಿಸಿಲೇರಿದ್ರೆ ಕುರಿ ನಿಲ್ಲಾಕಿಲ್ಲ, ಮೇಯಕ್ಕೆ ಬುಡ್ಬೇಕು ಕಣವ್ವ" ಎನ್ನುತ್ತಾರೆ ಅವರು.

"ಗಾಡಿ ಹೊಲ್ಟದೆ ಅಣ್ಣ. ದೊಡ್ಡಿ ಬಾಗ್ಲು ತೆಗೀಬ್ಯಾಡಿ. ನನ್ ಮಾತು ಉಳಿಸ್ಕೊಡಿ."

ಆಮೇಲೆ ಕಾಯುವುದೊಂದೇ. ಮರಿಸಿದ್ದಯ್ಯ ಒಳಗೆ ಬಂದಾಗ ನಾಗಮಣಿ ಮುಚ್ಚಿಡುವುದಿಲ್ಲ, ನಡೆದದ್ದೆಲ್ಲ ಹೇಳುತ್ತಾರೆ. ಅಧ್ಯಕ್ಷರು ಹುಬ್ಬು ಗಂಟಿಕ್ಕುವಾಗಲೇ ಸಿದ್ದೇಶನ ಫೋನು: "ಆಯ್ತಕ್ಕ! ಒಂದ್ ಮರೀನೂ ಬುಡ್ದೆ ಸೂಜಿ ಹಾಕುದ್ವಿ."

ಮರಿಸಿದ್ದಯ್ಯ ಕುರ್ಚಿ ಎಳೆದುಕೊಳ್ಳುತ್ತಾರೆ. "ನಮ್ಮೂರ ಹಬ್ಬಾನೂ ಅದ್ರೊಳಕ್ಕೆ ಬರ್ಕೊಳಮ್ಮ. ಇಲ್ದಿದ್ರೆ ನಾನೂ ಅಳಿಸ್ಬುಟ್ಟೇನು."

ಸಾರು ಹಾಕಿದ ಊರುಗಳೆಲ್ಲ ಅಂದಿನಿಂದ ಕ್ಯಾಲೆಂಡರಿನಲ್ಲಿ ಕೆಂಪಾಗಿ ಕಾಣುತ್ತವೆ. ಎಲ್ಲರ ಕೆಲಸವನ್ನೂ ಎಲ್ಲರೂ ನೋಡಬಹುದು, ನಾಗಮಣಿಯವರನ್ನು ಕೇಳದೆ ಯಾರೂ ಅಳಿಸುವಂತಿಲ್ಲ.

ಏನಾದರೂ ಬೇಕಾ ಎಂದು ಅಧ್ಯಕ್ಷರು ಕೇಳಿದರೆ ನಾಗಮಣಿ ಮೂಲೆಯ ಕಂಪ್ಯೂಟರಿನತ್ತ ನೋಡುತ್ತಾರೆ.

"ಒಂದು ಫ್ಯಾನು ಹಾಕ್ಸಿಕೊಟ್ರೆ ಸಾಕು. ನಂಗಲ್ಲ, ಅದ್ಕೆ. ಬೇಸ್ಗೇಲಿ ಪಾಪ, ಬಾಳ ಕಾಯ್ತದೆ."