ಮೀನಿನ ಪೆಟ್ಟಿಗೆಯ ದೀಪ

ಅಕ್ವೇರಿಯಂನ ಗಾಜಿನ ಮುಚ್ಚಳ ತೆಗೆದ ಕೂಡಲೇ ಒಂದು ವಾಸನೆ ಬರುತ್ತದೆ. ಹಸಿ ಮಣ್ಣು, ನೀರಲ್ಲೇ ಬೆಳೆದ ಎಲೆ, ಒಂದಿಷ್ಟು ಮೀನು, ಎಲ್ಲ ಸೇರಿದ ವಾಸನೆ. ಕೆಲವರಿಗೆ ಅದು ಹಿಡಿಸುವುದಿಲ್ಲ, ನನಗೆ ಹಿಡಿಸುತ್ತದೆ. ಮೊನ್ನೆ ಸಂಜೆ ಮೊಣಕೈವರೆಗೆ ಕೈ ಇಳಿಸಿ ಹಣ್ಣಾದ ಎಲೆಗಳನ್ನು ಚಿವುಟುತ್ತಿದ್ದೆ. ಟಕ್ ಎಂದು ಸದ್ದಾಗಿ ಮೇಲಿನ ಲೈಟು ಆರಿಹೋಯಿತು. ಅದೇ ವಾರ ನಮ್ಮ ಮನೆಯವರು ಟೈಮರ್ ತಂದು ಹಾಕಿದ್ದರು, ಹೊತ್ತಿಗೆ ಸರಿಯಾಗಿ ತಾನೇ ಹಚ್ಚಿ ತಾನೇ ಆರಿಸುವ ಯಂತ್ರ. ಗೊತ್ತಿದ್ದೂ ನನ್ನ ಬಾಯಿಂದ, "ಯಾರದು ದೀಪ ತೆಗದವರು?" ಎಂಬ ಕೂಗು ಬಂತು. ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಸುಮ್ಮನೆ ನಿಂತುಬಿಟ್ಟೆ. ಕಾಕೂ ನೆನಪಾಗಿದ್ದರು...

ಬೈರಿದೇವರಕೊಪ್ಪದ ಈ ಮನೆಗೆ ಬರುವ ಮೊದಲು ನಾವು ವಿದ್ಯಾನಗರದಲ್ಲಿ ಬಾಡಿಗೆಗಿದ್ದೆವು. ಮೇಲೆ ನಾವು, ಕೆಳಗೆ ಮನೆಯ ಮಾಲಕರಾದ ಕಾಕಾ ಮತ್ತು ಅವರ ಹೆಂಡತಿ ಕಾಕೂ. ಕಾಕಾ ಹತ್ತಿ ವ್ಯಾಪಾರ ಮಾಡಿದವರು. ವಯಸ್ಸಾದ ಮೇಲೆ ದಲಾಲಿಯ ಅಡತಿ ಅಂಗಡಿ ಬಿಟ್ಟು ಮನೆ ಹಿಡಿದಿದ್ದರು. ಕೈ ಖಾಲಿಯಾದ ಗಂಡಸು ಮನೆಯಲ್ಲಿ ಕೂತರೆ ಒಗ್ಗರಣೆಯಲ್ಲೂ ತಪ್ಪು ಹುಡುಕುತ್ತಾನೆ ಎಂದು ಕಾಕೂ ಹೆದರಿದ್ದರಂತೆ. ಆದರೆ ಕಾಕಾ ಪಡಸಾಲೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ ಇಡಿಸಿ, ತಳಕ್ಕೆ ಮಣ್ಣು ಹಾಸಿ, ನೀರಿನೊಳಗೇ ತೋಟ ಮಾಡಿದರು. ಹುಲ್ಲಿನಂಥದ್ದು, ಕೆಂಪೆಲೆಯದ್ದು, ಅಂಗೈಯಗಲ ಎಲೆಯದ್ದು, ನಡುವೆ ನೀಲಿ ಗೆರೆಯ ಪುಟ್ಟ ಮೀನುಗಳು. ಗಿಡ ಕತ್ತರಿಸುವುದು, ಗಾಜು ಒರೆಸುವುದು, ನೀರು ಬದಲಿಸುವುದು, ಹೀಗೆ ದಿನವಿಡೀ ಅದರ ಮುಂದೆಯೇ ಇರುತ್ತಿದ್ದರು.

"ಈ ವಯಸ್ಸಿನ್ಯಾಗ ನನಗೊಬ್ಬಾಕಿ ಸವತಿ ಬಂದಾಳ ನೋಡವಾ, ಅದೂ ಗಾಜಿನ ಮನ್ಯಾಗ," ಎಂದು ಕಾಕೂ ನನ್ನ ಮುಂದೆ ಆಡಿಕೊಳ್ಳುತ್ತಿದ್ದರು. ಕಾಕಾಗೆ ಕೇಳಿಸಲಿ ಎಂದೇ ಹಾಗೆ ಅನ್ನುತ್ತಿದ್ದದ್ದು. ಆ ತೊಟ್ಟಿಯನ್ನು ಅವರು ಎಂದೂ ಮುಟ್ಟಲಿಲ್ಲ. ಸವತಿಯ ಮನೆಯ ಹೊಸ್ತಿಲನ್ನು ಯಾರಾದರೂ ತುಳಿಯುತ್ತಾರೆಯೇ!

ಬೆಳಕಿನ ವಿಷಯದಲ್ಲಿ ಕಾಕಾ ಬಹಳ ಕಟ್ಟುನಿಟ್ಟು. ಮಧ್ಯಾಹ್ನದ ಊಟವಾದ ಮೇಲೆ ಲೈಟು ಹಚ್ಚುವುದು, ಮಲಗುವ ಮೊದಲು ತೆಗೆಯುವುದು. ಕಡಿಮೆಯಾದರೆ ಗಿಡ ಸೊರಗುತ್ತದೆ, ಹೆಚ್ಚಾದರೆ ಪಾಚಿ ಬಂದು ಎಲ್ಲವನ್ನೂ ತಿನ್ನುತ್ತದೆ ಎನ್ನುತ್ತಿದ್ದರು. ಗೋಡೆಯಲ್ಲಿ ಅಕ್ಕಪಕ್ಕ ಎರಡು ಪ್ಲಗ್ ಪಾಯಿಂಟುಗಳಿದ್ದವು. ಒಂದು ಇನ್ವರ್ಟರಿನದು, ಅದಕ್ಕೆ ನೀರು ತಿರುಗಿಸುವ ಫಿಲ್ಟರ್. ಇನ್ನೊಂದು ಸಾದಾ ಕರೆಂಟಿನದು, ಅದಕ್ಕೆ ಲೈಟು. ಕರೆಂಟು ಹೋದರೆ ಲೈಟು ಹೋಗುತ್ತಿತ್ತು, ಫಿಲ್ಟರ್ ನಡೆಯುತ್ತಿತ್ತು. ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದಾಗ ಕಾಕಾ ನಕ್ಕಿದ್ದರು. "ಕತ್ತಲದಾಗ ಕುಂಡ್ರಾಕ ಬರತೈತಿ, ಉಸರ ಬಿಟ್ಟ ಕುಂಡ್ರಾಕ ಬರತೈತೇನು?"

ಒಂದು ಮಧ್ಯಾಹ್ನ ಕಾಕಾ ಎಂದಿನಂತೆ ಲೈಟು ಹಚ್ಚಿ ಕುರ್ಚಿಯಲ್ಲಿ ಕೂತವರು ಎದೆ ಹಿಡಿದುಕೊಂಡು ಬೆವರತೊಡಗಿದರು. ಕಾಕೂ ಕೂಗಿದ್ದು ಮೇಲಿನವರೆಗೂ ಕೇಳಿಸಿತು. ನಮ್ಮ ಮನೆಯವರು ಕಾರು ತೆಗೆದರು. ಆಸ್ಪತ್ರೆ ಹತ್ತಿರವೇ ಇದ್ದದ್ದು ಪುಣ್ಯ. ಧಾರವಾಡದಿಂದ ಕಾಕಾನ ಮಗಳು ಓಡಿ ಬಂದು ಅಲ್ಲಿಯೇ ಉಳಿದಳು. ಕಾಕಾನನ್ನು ಐಸಿಯುದಲ್ಲಿಟ್ಟಿದ್ದರು. ಡಾಕ್ಟರು ಈಗಲೇ ಏನೂ ಹೇಳಲು ಬರುವುದಿಲ್ಲ ಎಂದರು.

ಕಾಕೂನನ್ನು ಸ್ವಲ್ಪ ಹೊತ್ತು ಮಲಗಿಸೋಣ ಎಂದು ಮನೆಗೆ ಕರೆತಂದಾಗ ಪಡಸಾಲೆಯಲ್ಲಿ ಲೈಟು ಉರಿಯುತ್ತಲೇ ಇತ್ತು. ತೆಗೆಯಲೆಂದು ಕೈ ಚಾಚಿದೆ. ಕಾಕೂ ನನ್ನ ಮುಂಗೈ ಹಿಡಿದರು. ಬಳೆ ಒತ್ತಿ ನೋವಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದರು.

"ಮುಟ್ಟಬ್ಯಾಡ."

"ಹೊತ್ತಾಗೇತ್ರಿ ಕಾಕೂ. ಕಾಕಾ ಇಷ್ಟೊತ್ತಿಗೆ ತಗೀತಾರಲ್ರಿ."

"ಅವರು ಹಚ್ಚಿದ ದೀಪ ಐತಿ ಅದು. ಶಾಂತ ಮಾಡೂದೂ ಅವರ ಕೈಲೇನ. ಬಂದು ಮಾಡ್ತಾರ."

ನಮ್ಮ ಕಡೆ ದೀಪ ಆರಿಸು ಎಂದು ಯಾರೂ ಅನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ಅದೂ ದೇವರ ದೀಪಕ್ಕೆ. ಕಾಕೂ ಮಾತ್ರ ಅವತ್ತು ಮೀನಿನ ಪೆಟ್ಟಿಗೆಯ ಲೈಟನ್ನೇ ದೇವರ ದೀಪ ಮಾಡಿಬಿಟ್ಟಿದ್ದರು. ಒಂದು ರಾತ್ರಿಯಲ್ಲವೇ, ಇರಲಿ ಎಂದು ಕಾಕೂಗೆ ಹಾಸಿಗೆ ಹಾಸಿದೆ.

ಅದು ಒಂದು ರಾತ್ರಿಗೆ ಮುಗಿಯಲಿಲ್ಲ. ಕಾಕಾ ಐಸಿಯುದಲ್ಲೇ ಉಳಿದರು, ಲೈಟು ಹಗಲೂ ರಾತ್ರಿ ಉರಿಯಿತು. ಮೊದಲು ಗಾಜಿನ ಮೇಲೆ ಧೂಳು ಕೂತಂತೆ ಕಾಣಿಸಿತು. ಆಮೇಲೆ ನೀರಿಗೇ ಹಸಿರು ಬಂತು. ಕೆಂಪೆಲೆಗಳ ಅಂಚಿಗೆ ಕೂದಲಿನಂಥ ಪಾಚಿ ನೇತಾಡತೊಡಗಿತು. ಮೀನುಗಳ ನೀಲಿ ಗೆರೆ ಮಾಸಿ, ಅವೆಲ್ಲ ಮೂಲೆಯ ಎಲೆಗಳ ಕೆಳಗೆ ನೆರಳು ಹುಡುಕಿ ನಿಂತವು. ನನಗೆ ಮೊದಲೇ ತಾಳ್ಮೆ ಕಡಿಮೆ. ಕಾಲೇಜಿನಲ್ಲಿ ಗಣಿತ ಹೇಳುವವಳು, ಎರಡಕ್ಕೆ ಎರಡು ಸೇರಿದರೆ ನಾಲ್ಕು ಎಂದ ಮೇಲೂ ಕೇಳದವರ ಮೇಲೆ ಸಿಟ್ಟು ಬರುತ್ತದೆ. ದಿನಾ ಹೇಳಿದೆ. ಕಾಕೂ ದಿನಾ ಬೇಡವೆಂದು ತಲೆಯಲ್ಲಾಡಿಸಿದರು.

ಆಸ್ಪತ್ರೆಯಲ್ಲಿ ಕಾಕಾಗೆ ಎಚ್ಚರವಿದ್ದಾಗ ಬಾಯಿಂದ ಬರುತ್ತಿದ್ದದ್ದು ಒಂದೇ ಪ್ರಶ್ನೆ. "ಗಿಡಾ ಹ್ಯಾಂಗದಾವ?"

"ಛಲೋ ಅದಾವ್ರಿ. ನೀವು ಲಗೂ ಬರ್ರಿ, ನಿಮ್ಮ ಹಾದೀನ ಕಾಯಾಕತ್ತಾವ," ಎಂದು ಕಾಕೂ ಮುಗುಳ್ನಗುತ್ತಿದ್ದರು. ಹೊರಗೆ ಬಂದ ಕೂಡಲೇ ಸೆರಗು ಬಾಯಿಗೆ ಹೋಗುತ್ತಿತ್ತು. ಕಾಕಾ ಬದುಕಿ ಬಂದರೆ ಈ ಹಾಳು ತೋಟವನ್ನು ನೋಡಬೇಕು, ಲೈಟು ತೆಗೆದರೆ ಅವರು ಬದುಕಿ ಬರುವುದೇ ಇಲ್ಲ ಎಂಬ ಹೆದರಿಕೆ. ಈ ಎರಡರ ನಡುವೆ ಆ ಜೀವ ಅಡಕತ್ತರಿಯಲ್ಲಿ ಸಿಕ್ಕಂತಾಗಿತ್ತು. ನನಗೂ ಅದು ಕಾಣುತ್ತಿತ್ತು. ಕಂಡರೂ ಸಿಟ್ಟು ಇಳಿಯುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ತಂತಿ ದುರಸ್ತಿ ಎಂದು ಬೆಳಿಗ್ಗೆಯೇ ನಮ್ಮ ಓಣಿಯ ಕರೆಂಟು ತೆಗೆದರು. ಸಂಜೆಯವರೆಗೂ ಬರುವುದಿಲ್ಲ ಎಂದು ಸುದ್ದಿ. ರಜೆಯಿತ್ತು, ಅಡಿಗೆ ಮಾಡುತ್ತಿದ್ದೆ. ಕೆಳಗಿನಿಂದ ಪೀಂ ಪೀಂ ಎಂದು ಇನ್ವರ್ಟರ್ ಕೂಗಿಕೊಳ್ಳುವುದು ಕೇಳಿಸಿತು. ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಇಳಿದು ಹೋಗಿ ನೋಡುತ್ತೇನೆ, ಮೀನುಗಳೆಲ್ಲ ಮೇಲಕ್ಕೆ ಬಂದು ನೀರಿನ ಅಂಚಿಗೆ ಬಾಯಿ ಹಚ್ಚಿ ಗುಟುಕು ಗುಟುಕಾಗಿ ಗಾಳಿ ನುಂಗುತ್ತಿವೆ. ಎರಡು ಆಗಲೇ ಮಗುಚಿಕೊಂಡಿದ್ದವು. ಫಿಲ್ಟರಿನ ಸದ್ದಿಲ್ಲ. ಲೈಟು ಮಾತ್ರ ಝಗಝಗ ಉರಿಯುತ್ತಿದೆ. ಕಾಕೂ ಮುಂದೆ ನಿಂತಿದ್ದರು, ಕೈ ಮುಗಿದುಕೊಂಡು.

ಗೋಡೆಯ ಕಡೆ ನೋಡಿದೆ. ಪ್ಲಗ್ಗುಗಳು ಅದಲುಬದಲಾಗಿದ್ದವು. ಲೈಟು ಇನ್ವರ್ಟರಿನ ಪಾಯಿಂಟಿನಲ್ಲಿತ್ತು, ಫಿಲ್ಟರ್ ಸತ್ತ ಕರೆಂಟಿನದರಲ್ಲಿ.

"ಇದನ್ನ ಯಾರು ಬದಲಿ ಮಾಡಿದ್ರು?"

"ನಾನ. ಮೊದಲನೇ ದಿನಾನ ಮಾಡೀನಿ. ಕರೆಂಟ್ ಹೋದ್ರ ದೀಪಾನೂ ಹೋಗ್ತಿತ್ತಲ್ಲ..."

ಹುಟ್ಟಿದಾಗಿನಿಂದ ಒಂದು ಪ್ಲಗ್ಗನ್ನೂ ಧೈರ್ಯವಾಗಿ ಮುಟ್ಟದ ಹೆಂಗಸು ಇದನ್ನು ಮಾಡಿದ್ದರು! ದಿನಾ ಕರೆಂಟು ಸ್ವಲ್ಪ ಸ್ವಲ್ಪ ಹೊತ್ತು ಹೋಗಿ ಬರುತ್ತಿದ್ದಾಗ ಗೊತ್ತಾಗಿರಲಿಲ್ಲ. ಅವತ್ತು ಬೆಳಗಿನಿಂದ ನೀರು ನಿಂತೇ ಇತ್ತು. ನನ್ನ ನಾಲಿಗೆ ಹಿಡಿತ ತಪ್ಪಿತು.

"ನೀವು ದೀಪಾ ಉಳಸಾಕ ಹೋಗಿ ಅವರ ಜೀವಾನ ಕೊಲ್ಲಾಕತ್ತೀರಿ, ಕಾಕೂ. ಈ ಬ್ಯಾಟರಿ ಇನ್ನ ಸ್ವಲ್ಪ ಹೊತ್ತಿನ್ಯಾಗ ಸಾಯತೈತಿ. ಆವಾಗ ದೀಪಾನೂ ಹೋಗತೈತಿ, ಮೀನೂ ಹೋಗ್ತಾವ. ತಾನಾಗೇ ಆರಿದ್ರ ಛಲೋ ಏನ್ರಿ?"

ಕಾಕೂ ಮುಖ ಬಿಳಿಚಿಕೊಂಡಿತು. ದೀಪ ತಾನಾಗಿ ಆರುವುದು... ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಇನ್ವರ್ಟರ್ ಒಂದೇ ಸಮನೆ ಕೂಗುತ್ತಿತ್ತು. ಆ ದೊಡ್ಡ ಲೈಟು ತೆಗೆದರೆ, ಉಳಿದಷ್ಟೇ ಬ್ಯಾಟರಿಯಲ್ಲಿ ಚಿಕ್ಕ ಫಿಲ್ಟರ್ ಸಂಜೆಯ ತನಕ ಎಳೆಯಬಹುದಿತ್ತು. ಕಾಕೂ ಒಳಗೆ ನಡೆದರು. ಅಳಲು ಹೋದರು ಎಂದುಕೊಂಡೆ. ಅವರಿಲ್ಲದಾಗ ಪ್ಲಗ್ ಕಿತ್ತುಬಿಡಲೇ ಎಂದು ಕೈ ಮುಂದಾಯಿತು. ಯಾಕೋ ಧೈರ್ಯ ಬರಲಿಲ್ಲ. ಎರಡಕ್ಕೆ ಎರಡು ನಾಲ್ಕು ಎನ್ನುವವಳೇ ಕೈ ಹಿಂದೆಳೆದುಕೊಂಡೆ.

ಕಾಕೂ ದೇವರ ಮನೆಯಿಂದ ಪಣತಿ ಹಿಡಿದು ಬಂದರು. ಎಣ್ಣೆ ತುಂಬಿತ್ತು, ಹೊಸದಾಗಿ ಹೊಸೆದ ಬತ್ತಿ ಇತ್ತು. ಹತ್ತಿಯವರ ಮನೆಯಲ್ಲಿ ಬತ್ತಿಗೇನು ಬರ! ಪಣತಿಯನ್ನು ಲೈಟಿನ ಕೆಳಗೆ ಗಾಜಿಗೆ ತಾಗಿಸಿ ಹಿಡಿದರು. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿಕೊಂಡರೆ ಮೊದಲನೆಯದು ಆರಿದಂತಲ್ಲ, ಅದು ನಮ್ಮ ಹಿರಿಯರ ಪದ್ಧತಿ. ಆದರೆ ಕರೆಂಟಿನ ದೀಪದಿಂದ ಬತ್ತಿ ಹತ್ತುವುದು ಹೇಗೆ? ಕಾಕೂ ಹಿಡಿದೇ ನಿಂತರು. ಹಸಿರು ಬೆಳಕು ಅವರ ಬೆರಳ ಮೇಲೆಲ್ಲ ಬಿದ್ದಿತ್ತು.

"ಹತ್ತೇತಿ ಅನ್ನವಾ," ಎಂದರು. "ನೀ ಕಲತಾಕಿ ಇದ್ದೀ. ನೀ ಅಂದ್ರ ನಾ ನಂಬ್ತೇನಿ."

"ಹತ್ತೇತ್ರಿ ಕಾಕೂ," ಎಂದೆ. ಹಾಗೆ ಅಂದು ಕಡ್ಡಿ ಗೀರಿ ಬತ್ತಿಗೆ ಮುಟ್ಟಿಸಿದೆ.

ಪಣತಿಯನ್ನು ತೊಟ್ಟಿಯ ಪಕ್ಕದ ಸ್ಟೂಲಿನ ಮೇಲಿಟ್ಟು ಕಾಕೂ ತಾವೇ ಬಗ್ಗಿ ಲೈಟಿನ ಪ್ಲಗ್ ಕಿತ್ತರು. ಫಿಲ್ಟರಿನದನ್ನು ಅಲ್ಲಿ ಚುಚ್ಚಿದರು. ಗುಂಯ್ ಎಂದು ಸದ್ದಾಗಿ ನೀರು ಕದಲಿತು. ನಾನು ಚರಿಗೆಯಿಂದ ನೀರೆತ್ತಿ ಮೇಲಿನಿಂದ ಸುರಿಯತೊಡಗಿದೆ, ಗಾಳಿ ಸೇರಲಿ ಎಂದು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗಳ ಹೆಸರು ಕಾಣಿಸಿತು.

ಇಬ್ಬರೂ ಅಲ್ಲಾಡಲಿಲ್ಲ. ಕಾಕೂ ನನ್ನನ್ನು ನೋಡಿದ ಆ ನೋಟ... ನಾನೆಂದೂ ಮರೆಯಲಾರೆ. ಬೈಗುಳವಿರಲಿಲ್ಲ ಅದರಲ್ಲಿ, ಮುಗಿದೇ ಹೋಯಿತೇ ಎಂಬ ಪ್ರಶ್ನೆ ಇತ್ತು. ಫೋನು ಬಡಿದು ಬಡಿದು ನಿಂತಿತು. ಮತ್ತೆ ಶುರುವಾಯಿತು. ನಾನೇ ಎತ್ತಿದೆ. ಆ ಕಡೆಯಿಂದ ಮಗಳು ಅಳುತ್ತಿದ್ದಳು.

"ಅಪ್ಪಾನ್ನ ವಾರ್ಡಿಗೆ ತಂದಾರ್ರಿ ವೈನಿ," ಎಂದಳು. "ಎದ್ದು ಕುಂತು ಗಂಜಿ ಕುಡದಾರ. ಅವ್ವಾಗ ಹೇಳ್ರಿ..."

ಹೇಳಿದೆ. ಕಾಕೂ ಅಲ್ಲೇ ನೆಲದ ಮೇಲೆ ಕೂತು, ಪಣತಿಯ ಮುಂದೆ ತಲೆ ಇಟ್ಟು ಅತ್ತರು. ನಾನೂ ಅತ್ತೆ. ಅಳುತ್ತಲೇ ಚರಿಗೆಯಿಂದ ನೀರು ಸುರಿಯುತ್ತಿದ್ದೆ.

ಕಾಕಾ ಮನೆಗೆ ಬರುವವರೆಗೆ ತೊಟ್ಟಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದೆವು. ಪಾಚಿಗೆ ಅದೇ ಮದ್ದು. ನಳದ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಕ್ಲೋರಿನ್ ಔಷಧಿಯ ವಾಸನೆ ಹೋದ ಮೇಲೆ ಸ್ವಲ್ಪ ಸ್ವಲ್ಪವೇ ಬದಲಿಸಿದೆವು. ಎಂದೂ ಮುಟ್ಟದ ಕಾಕೂ ಸೀರೆ ಸಿಕ್ಕಿಸಿ, ತೋಳು ಏರಿಸಿ, ಎಲೆ ಎಲೆಯ ಪಾಚಿ ಬಳಿದು ತೆಗೆದರು. "ಸವತಿಗೆ ಎಣ್ಣಿ ನೀರು ಹಾಕಾಕತ್ತೇನಿ," ಎಂದು ಎಷ್ಟೋ ದಿನದ ಮೇಲೆ ನಕ್ಕರು. ಪಣತಿ ಮಾತ್ರ ಆರದಂತೆ ಎಣ್ಣೆ ಹನಿಸುತ್ತಲೇ ಇದ್ದರು.

ಕಾಕಾ ಬಂದು ಕಂಬಳಿ ಸರಿಸಿ ನೋಡಿದರು. ಅರ್ಧ ತೋಟ ಹೋಗಿತ್ತು, ಮೀನು ಬಹಳಷ್ಟು ಉಳಿದಿದ್ದವು. ಕಾಕೂ ಮುಚ್ಚುಮರೆ ಮಾಡದೆ ಎಲ್ಲ ಹೇಳಿದರು. ಕಾಕಾ ಪಣತಿ ಕಡೆ ನೋಡಿ, "ಹುಚ್ಚಿ ಅದೀ ನೀ," ಎಂದರು. ಕಣ್ಣು ತುಂಬಿದ್ದವು. "ಇನ್ನ ಮುಂದ ಈ ಲೈಟ್ ಹಚ್ಚೂದು ನಿನ್ನ ಕೆಲಸ. ತಗಿಯೂದು ನಂದು."

ಹಾಗೆಯೇ ನಡೆಯಿತು. ನಾವು ಮನೆ ಕಟ್ಟಿಸಿಕೊಂಡು ಇಲ್ಲಿಗೆ ಬಂದ ಮೇಲೂ, ಹೋದಾಗಲೆಲ್ಲ ನೋಡುತ್ತಿದ್ದೆ. ಮಧ್ಯಾಹ್ನ ಕೈ ತೊಳೆದುಕೊಂಡು ಕಾಕೂ ಸ್ವಿಚ್ ಹಾಕಿ ಒಂದು ಸಲ ಕೈ ಮುಗಿಯುತ್ತಿದ್ದರು. ಹೃದಯದ ಬೇನೆ ಇದ್ದದ್ದು ಕಾಕಾಗೆ. ಆದರೆ ಮೊದಲು ಹೋದದ್ದು ಕಾಕೂ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲೇ ಇಲ್ಲ.

ಸುದ್ದಿ ಕೇಳಿ ನಾನು ಹೋದಾಗ ಸಂಜೆಯಾಗಿತ್ತು. ಮಂದಿಯ ನಡುವೆ ಕಾಕಾ ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಲೈಟು ಉರಿಯುತ್ತಿತ್ತು. ಅವರ ಕೈ ಸ್ವಿಚ್ಚಿನ ಹತ್ತಿರ ಹೋಗಿ ಅಲ್ಲೇ ನಿಂತಿತ್ತು.

"ಊಟಾ ಮಾಡಿ ಹಚ್ಚಿ ಮಲಗ್ಯಾಳವಾ," ಎಂದರು.

ಪಣತಿ ತರಲೇ ಎಂದು ಕೇಳಿದೆ. ಬೇಡವೆಂದು ತಲೆಯಲ್ಲಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡರು. "ಇರ್ಲಿ ಬಿಡು. ಪಾಚಿ ಕಟ್ಟಿದ್ರ ಕಟ್ಟಲಿ."

ಕಾಕಾ ಈಗ ಮಗಳ ಮನೆಯಲ್ಲಿದ್ದಾರೆ. ಹೋಗುವಾಗ ತೊಟ್ಟಿಯನ್ನು ನನಗೆ ಕೊಟ್ಟರು. ಅದೇ ಗಾಜು, ಅವೇ ಗಿಡಗಳ ತುಂಡಿನಿಂದ ಬೆಳೆದ ತೋಟ. ಮೊನ್ನೆ ಕತ್ತಲಲ್ಲಿ ಹಾಗೆಯೇ ನಿಂತವಳು ಕೈ ಒರೆಸಿಕೊಂಡು ಟೈಮರನ್ನು ಕಿತ್ತೆ. ಛಲೋ ಇತ್ತಲ್ಲ, ಯಾಕೆ ತೆಗೆದೆ ಎಂದು ನಮ್ಮ ಮನೆಯವರು ಕೇಳಿದರು. ನೀನೇ ಹಚ್ಚಿ ನೀನೇ ತೆಗೆಯುವುದಾದರೆ ಒಂದು ದಿನ ಮರೆತೇ ಮರೆಯುತ್ತೀ ಎಂದರು. ಮರೆಯಬಹುದು. ಲೈಟನ್ನು ಮತ್ತೆ ಹಚ್ಚಿ, ಮಲಗುವ ಹೊತ್ತಿಗೆ ಅದನ್ನು ತೆಗೆಯುವ ಮೊದಲು ದೇವರ ಮನೆಯಿಂದ ಪಣತಿ ತಂದು ಗಾಜಿಗೆ ತಾಗಿಸಿ ಹಿಡಿದೆ. ಹತ್ತಿತು ಎಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.