ನಾನು ಹರಿದು ಹಾಕಿದ ಶಿಫಾರಸು ಪತ್ರ

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ. ಚಳ್ಳಕೆರೆಯಲ್ಲಿ ಮಕ್ಕಳ ವೈದ್ಯೆಯಾಗಿ ನನಗೆ ಮೂವತ್ತು ವರ್ಷ ತುಂಬಿತ್ತು. ಎಂಟು ಹಾಸಿಗೆಯ ನನ್ನದೇ ನರ್ಸಿಂಗ್ ಹೋಂ, ಜೊತೆಗೆ ಊರಿಗೆಲ್ಲ ಗೊತ್ತಿದ್ದ ನನ್ನ ಮುಂಗೋಪ. ಎಂ.ಬಿ.ಬಿ.ಎಸ್. ಮುಗಿಸಿದ ಮಾಧವಿ ಎರಡು ವರ್ಷದಿಂದ ನನ್ನ ಬಳಿ ಡ್ಯೂಟಿ ಡಾಕ್ಟರ್ ಆಗಿದ್ದಳು. ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಮನೆಮಾತು ತೆಲುಗು, ಮಾತೇ ಕಡಿಮೆ.

ಅವಳು ಅಮೆರಿಕದಲ್ಲಿ ಪೀಡಿಯಾಟ್ರಿಕ್ಸ್ ರೆಸಿಡೆನ್ಸಿಗೆ ಅರ್ಜಿ ಹಾಕುತ್ತಿದ್ದಳು. ರೆಸಿಡೆನ್ಸಿ ಎಂದರೆ ಆಸ್ಪತ್ರೆಯಲ್ಲೇ ದುಡಿಯುತ್ತ ಮಕ್ಕಳ ತಜ್ಞರಾಗುವ ಮೂರು ವರ್ಷದ ತರಬೇತಿ. ಒಂದೊಂದು ಸೀಟಿಗೂ ಎಲ್ಲೆಲ್ಲಿಂದಲೋ ಪೈಪೋಟಿ. ಪರೀಕ್ಷೆಗಳನ್ನು ಪಾಸು ಮಾಡಿದ್ದಳು. ತನ್ನ ಬಗ್ಗೆ ತಾನೇ ಬರೆಯಬೇಕಾದ ಪರ್ಸನಲ್ ಸ್ಟೇಟ್‌ಮೆಂಟನ್ನು ಏಳು ಸಲ ತಿದ್ದಿದ್ದಳು. ಕಾಲೇಜಿನಿಂದ ಎರಡು ಶಿಫಾರಸು ಪತ್ರ ಬಂದಿದ್ದವು. ಮೂರನೆಯದನ್ನು ನಾನು ಕೊಡಬೇಕಿತ್ತು.

ನಮ್ಮ ವೃತ್ತಿಯಲ್ಲಿ ಒಂದು ರೂಢಿಯಿದೆ. ಪತ್ರ ಕೇಳಿದವರಿಗೆ, "ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ" ಅಂದುಬಿಡುವುದು. ನನ್ನ ಗುರುಗಳು ನನಗೂ ಹಾಗೇ ಅಂದಿದ್ದರು, ನಾನೂ ಅಂದೆ. ಅವಳು ಬರೆದು ತಂದದ್ದು ಪತ್ರ ಕಳಿಸಬೇಕಾದ ಕೊನೆಯ ದಿನ ಬೆಳಿಗ್ಗೆ. ಹೊರಗೆ ಮಕ್ಕಳ ಅಳು, ಕೈಯಲ್ಲಿ ಪೆನ್ನು. ಸಹಿ ಹಾಕುವವಳಿದ್ದೆ, ದೇವಸಮುದ್ರ ಹಳ್ಳಿಯ ಮಗುವೊಂದರ ಪ್ರಸ್ತಾಪ ಕಣ್ಣಿಗೆ ಬಿತ್ತು. ನನ್ನ ಮಾರ್ಗದರ್ಶನದಲ್ಲಿ ಆ ಮಗುವಿನ ಕಾಯಿಲೆ ಸಕಾಲದಲ್ಲಿ ಪತ್ತೆಯಾಯಿತಂತೆ.

ನಡೆದದ್ದೇ ಬೇರೆ. ಕುರಿ ಕಾಯುವ ಮನೆಯ ಐದು ವಾರದ ಕೂಸನ್ನು ಅಜ್ಜಿ ಎತ್ತಿಕೊಂಡು ಬಂದಿದ್ದಳು, ವಾಂತಿ ಅಂತ. ಹಾಲು ಜಾಸ್ತಿಯಾಗಿದೆ, ತೇಗಿಸಿ ಮಲಗಿಸಿ ಎಂದು ಗದರಿ ಎರಡೇ ನಿಮಿಷದಲ್ಲಿ ಸಾಗಹಾಕಿದ್ದೆ. ಬಸ್ಸಿಗೆ ಹೊರಟವರನ್ನು ಮಾಧವಿ ತಡೆದು ಕೂರಿಸಿ ತೆಲುಗಿನಲ್ಲಿ ಮಾತಾಡಿಸಿದಳು. ಕಕ್ಕಿದ ಹಾಲು ಮಾರುದೂರ ಚಿಮ್ಮುತ್ತದೆ, ಮರುಕ್ಷಣವೇ ಕೂಸಿಗೆ ಮತ್ತೆ ಹಸಿವು ಎಂದಳಂತೆ ಅಜ್ಜಿ. ನನ್ನೆದುರು ಹೆದರಿ ನುಂಗಿಕೊಂಡಿದ್ದ ಮಾತು ಅದು. ಹಾಲು ಕುಡಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತ ಮಾಧವಿಯ ಬೆರಳಿಗೆ ಕಡಲೆಕಾಯಿಯಷ್ಟು ಗಂಟು ಸಿಕ್ಕಿತು. ಪೈಲೋರಿಕ್ ಸ್ಟೆನೋಸಿಸ್: ಜಠರದಿಂದ ಕರುಳಿಗೆ ಹೋಗುವ ದಾರಿಯ ಸ್ನಾಯು ದಪ್ಪಗಾಗಿ ಹಾಲು ಕೆಳಗಿಳಿಯುವುದಿಲ್ಲ. ಆಪರೇಷನ್ ಆಗದಿದ್ದರೆ ಕೂಸು ಸೊರಗಿ ಸೊರಗಿ ಹೋಗಿಬಿಡುತ್ತದೆ. "ಇನ್ನೊಂದ್ ಸಲ ಮುಟ್ಟಿ ನೋಡ್ರಿ ಮೇಡಂ" ಎಂದು ಬಂದವಳ ಮೇಲೂ ರೇಗಿದೆ. ಮುಟ್ಟಿದಾಗ ಗಂಟು ನನ್ನ ಬೆರಳಿಗೂ ಸಿಕ್ಕಿತು. ದಾವಣಗೆರೆಗೆ ಕಳಿಸಿದೆವು, ಮಗು ಉಳಿಯಿತು. ಅವಳಿಗೆ ಮಾತ್ರ ಭೇಷ್ ಅನ್ನಲೂ ನನ್ನ ನಾಲಿಗೆ ಏಳಲಿಲ್ಲ.

ಪತ್ರವನ್ನು ಹರಿದು ಹಾಕಿದೆ.

"ಇವತ್ತು ಲೆಟರ್ ಹೋಗ್ಲಿಲ್ಲಾಂದ್ರೆ ಈ ವರ್ಷ ಮುಗೀತು ಮೇಡಂ. ಏನ್ ತಪ್ಪೈತೆ ಹೇಳ್ರಿ, ತಿದ್ತೀನಿ."

"ತಪ್ಪು ನಂದೈತೆ. ಅದನ್ಯಾಕೆ ಮುಚ್ಚಿಟ್ಟೆ?"

"ನಿಮ್ಮ ಸೈನ್ ಬೀಳೋ ಕಾಗದದಾಗೆ ನಿಮ್ಮ ತಪ್ಪು ನಾನ್ ಹೆಂಗ್ ಬರೀಲಿ?"

ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಹೊರಗಿದ್ದ ರೋಗಿಗಳನ್ನೆಲ್ಲ ಅವಳಿಗೆ ಒಪ್ಪಿಸಿ, ಬಾಗಿಲು ಹಾಕಿಕೊಂಡು ನಾನೇ ಬರೆದೆ. ನಾನು ತಪ್ಪು ಹೇಳಿದೆ, ಇವಳು ಸರಿಯಾಗಿ ಕಂಡಳು, ನನ್ನ ಕೋಪ ಗೊತ್ತಿದ್ದೂ ಬಂದು ಹೇಳಿದಳು ಎಂದು. ಪತ್ರ ನೋಡುವ ಹಕ್ಕನ್ನು ಅರ್ಜಿಯಲ್ಲಿ ಅವಳು ಬಿಟ್ಟುಕೊಟ್ಟಿದ್ದಾಳೆಂಬುದನ್ನೂ ನಾನು ಓದಿದ್ದು ಅವತ್ತೇ. ಅವಳಿಗೆ ತೋರಿಸದೆ ನಾನೇ ಅಪ್‌ಲೋಡ್ ಮಾಡಿದೆ.

ಸಂದರ್ಶನ ಆನ್‌ಲೈನಿನಲ್ಲಿ. ಸದ್ದಾಗದಿರಲೆಂದು ಅವಳಪ್ಪ ಮಗ್ಗ ನಿಲ್ಲಿಸಿ ಹೊರಗೆ ಕೂತಿದ್ದರಂತೆ. ಸೀಟು ಸಿಕ್ಕ ದಿನ ಮಾಧವಿ ಫೋನ್ ಮಾಡಿ ಅತ್ತಳು, ನಾನೂ ಅತ್ತೆ. ಹಿರಿಯರ ಮಾತು ಮೀರಿ ಆ ಮಗುವನ್ನು ಯಾಕೆ ತಡೆದಿರಿ ಎಂದು ಸಂದರ್ಶಕರು ಕೇಳಿದಾಗಲೇ ನನ್ನ ಪತ್ರದಲ್ಲಿ ಏನಿತ್ತೆಂದು ಅವಳಿಗೆ ಗೊತ್ತಾದದ್ದು. ಅದಕ್ಕೆ ನೀನೇನಂದೆ ಎಂದು ಕೇಳಿದೆ.

"ಅಜ್ಜಿಗೆ ಇನ್ನೂ ಏನೋ ಹೇಳೋದಿತ್ತು ಅಂದೆ ಮೇಡಂ. ಅಷ್ಟೇ."

ಆಮೇಲೆ ಇನ್ನೊಬ್ಬರು ಬರೆದ ಪತ್ರಕ್ಕೆ ನಾನು ಸಹಿ ಹಾಕಿಲ್ಲ. ಮುಂಗೋಪ ಪೂರ್ತಿ ಹೋಗಿಲ್ಲ. ಆದರೆ ಮಗುವನ್ನು ಎತ್ತಿಕೊಂಡು ಬಂದವರು ಎದ್ದು ಹೊರಡುವಾಗ, "ಇನ್ನೇನಾದ್ರೂ ಹೇಳೋದೈತೇನ್ರಿ?" ಎಂದು ಕೇಳುತ್ತೇನೆ. ಒಬ್ಬೊಬ್ಬರು ಮತ್ತೆ ಕೂತುಕೊಳ್ಳುತ್ತಾರೆ.